ಬೆಲ್ಲಕ್ಕೆ ದುಡ್ಡಿದೆ

ಬಾಡಿಗೆ ವಿಷಯಕ್ಕೆ ಆಪ್ತಸಲಹೆಗೆ ಯಾರು ಬರುತ್ತಾರೆ ಅಂತ ನೀವು ಕೇಳಬಹುದು. ಬಾಡಿಗೆ ವಿಷಯ ಅಂತ ಹೇಳಿಕೊಂಡು ಯಾರೂ ಬರುವುದಿಲ್ಲ. ನಿದ್ದೆ ಇಲ್ಲ ಅಂತ ಬರುತ್ತಾರೆ, ಬಿಪಿ ಜಾಸ್ತಿ ಆಗಿದೆ ಅಂತ ಬರುತ್ತಾರೆ, ಕೆಳಗಿನ ಮನೆಯ ಹೊಗೆ ತಡೆಯೋಕೆ ಆಗ್ತಿಲ್ಲ ಅಂತ ಬರುತ್ತಾರೆ. ಮಡಿಕೇರಿಯಲ್ಲಿ ಕೂತು ಈ ಕೆಲಸ ಮಾಡುವ ನನಗೆ 2018ರ ಈಚೆಗೆ ಇಂಥವರು ಎಷ್ಟು ಸಲ ಸಿಕ್ಕಿದ್ದಾರೆ ಅಂದರೆ, ಈಗ ಯಾರಾದರೂ "ಹೊಗೆ" ಅಂದ ಕೂಡಲೇ "ಎಷ್ಟು ತಿಂಗಳು ಬಾಕಿ?" ಅಂತ ಬಾಯಿಗೆ ಬಂದುಬಿಡುತ್ತದೆ. ಕಷ್ಟಪಟ್ಟು ತಡೆದುಕೊಳ್ಳುತ್ತೇನೆ. ಕಳೆದ ತಿಂಗಳು ಮತ್ತೆ ಇಬ್ಬರು ಬಂದರು, ಹೆಚ್ಚು ಕಡಿಮೆ ಅದೇ ಕಥೆ. ಅದಕ್ಕೇ ಹಳೆಯ ಒಂದು ಪ್ರಕರಣ ಬರೆಯುತ್ತಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ, ಗುರುತು ಸಿಗುವ ವಿವರ ಬದಲಿಸಿದ್ದೇನೆ. ಹೆಸರು ಇಡಲು ಹೋಗಿಲ್ಲ, ಮೇಲಿನ ಮನೆ ಆಂಟಿ, ಕೆಳಗಿನ ಮನೆಯವರು, ಅಷ್ಟು ಸಾಕು.

ಮಡಿಕೇರಿ ನೋಡಿದವರಿಗೆ ಗೊತ್ತು, ಇಲ್ಲಿ ಮನೆ ಕಟ್ಟುವುದು ಇಳಿಜಾರಿನಲ್ಲಿ. ರಸ್ತೆ ಮಟ್ಟದಲ್ಲಿ ಓನರ್ ಮನೆ, ಮೆಟ್ಟಿಲು ಇಳಿದರೆ ಬಾಡಿಗೆ ಮನೆ. ಕೆಳಗೆ ಹಂಡೆ ಒಲೆ ಉರಿಸಿದರೆ ಹೊಗೆ ನೇರ ಮೇಲಿನವರ ಅಡುಗೆಮನೆಗೆ. ಆಂಟಿಗೆ ಆಗ ಐವತ್ತೆಂಟು ವರ್ಷ, ಗಂಡ ಇಲ್ಲ. ಮಗ ಬೆಂಗಳೂರಿನಲ್ಲಿ. ಅವನೂ ಅಮ್ಮನೂ ಸೇರಿ ಮನೆ ಸಾಲ ತೆಗೆದು ಕೆಳಗಿನ ಪೋರ್ಷನ್ ಕಟ್ಟಿಸಿದ್ದು, ಬಾಡಿಗೆ ಬಂದರೆ ಕಂತು ಅರ್ಧ ತಾನಾಗಿ ಹೋಗುತ್ತದೆ ಅನ್ನುವ ಲೆಕ್ಕ. ಬಾಡಿಗೆ 6,500, ಅಡ್ವಾನ್ಸ್ 15,000. ಕೆಳಗೆ 2017ರಲ್ಲಿ ಬಂದವರು ಗಂಡ, ಹೆಂಡತಿ, ಒಂದು ಮಗು. ಅವನು ಮಾಂದಲ್‌ಪಟ್ಟಿಗೆ ಜೀಪ್ ಓಡಿಸುವವನು, ಅವಳು ಒಂದು ಹೋಮ್‌ಸ್ಟೇಯಲ್ಲಿ ಅಡುಗೆ, ಕ್ಲೀನಿಂಗ್. ಅಂದರೆ ಇಬ್ಬರ ಅನ್ನವೂ ಪ್ರವಾಸಿಗರದ್ದೇ.

ಆಮೇಲಿನದ್ದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು, 2019ರ ಆಗಸ್ಟ್‌ನಲ್ಲಿ ವಿರಾಜಪೇಟೆ ಕಡೆ ತೋರ ಅನ್ನುವ ಊರಲ್ಲಿ ಜಾರಿತು, ಸ್ವಲ್ಪ ಉಸಿರು ಬಿಡೋಣ ಅನ್ನುವಷ್ಟರಲ್ಲಿ 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್. ಜೀಪ್ ಟಾರ್ಪಾಲ್ ಹೊದ್ದುಕೊಂಡು ರಸ್ತೆ ಬದಿ ನಿಂತಿತು. ಹೋಮ್‌ಸ್ಟೇ ಮುಚ್ಚಿತು. ಏಪ್ರಿಲ್‌ನಿಂದ ಬಾಡಿಗೆ ಬರಲಿಲ್ಲ.

ಆಂಟಿ ಕೇಳಲಿಲ್ಲ. ಮಾರ್ಚ್ 29ಕ್ಕೆ ಕೇಂದ್ರ ಗೃಹ ಇಲಾಖೆ, ಕೆಲಸಗಾರರ ಹತ್ತಿರ ಒಂದು ತಿಂಗಳು ಬಾಡಿಗೆ ಕೇಳಬಾರದು ಅಂತ ಆದೇಶ ಹೊರಡಿಸಿತ್ತು. ಟಿವಿಯಲ್ಲಿ ಅದನ್ನು ನೋಡಿದ ಇವರು "ಕೇಳಬಾರದಂತೆ" ಅಂತ ಮಾತ್ರ ಹಿಡಿದುಕೊಂಡರು, "ಒಂದು ತಿಂಗಳು" ಅನ್ನುವುದು ಕಿವಿಗೆ ಬೀಳಲೇ ಇಲ್ಲ. ಸಾಲದ ವಿಷಯದಲ್ಲೂ ಹಾಗೇ. ರಿಸರ್ವ್ ಬ್ಯಾಂಕ್ ಮಾರ್ಚ್‌ನಿಂದ ಮೇವರೆಗೆ, ಆಮೇಲೆ ಆಗಸ್ಟ್ 31ರವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟಿತು. ಇವರು ಅದನ್ನು ಮನ್ನಾ ಅಂದುಕೊಂಡರು. ಬಡ್ಡಿ ಸುಮ್ನೆ ಕೂತಿರಲಿಲ್ಲ, ಓಡುತ್ತಲೇ ಇತ್ತು. ಸೆಪ್ಟೆಂಬರ್‌ನಲ್ಲಿ ಕಂತು ಕಟ್ ಆಗಲು ಶುರುವಾದಾಗ ಮಗನ ಸಂಬಳ ಮೊದಲಿನಷ್ಟು ಇರಲಿಲ್ಲ.

ಆ ತಿಂಗಳು ಅವರು ನನ್ನ ಹತ್ತಿರ ಬಂದರು. ಡಾಕ್ಟರ್ ಕಳಿಸಿದ್ದು, ನಿದ್ದೆ ಇಲ್ಲ ಅಂತ. ಮೊದಲ ಎರಡು ಸಲ ನಾನು ಪೂರ್ತಿ ತಪ್ಪು ದಾರಿ ಹಿಡಿದೆ, ಇದನ್ನು ಒಪ್ಪಿಕೊಳ್ಳಬೇಕು. ಉಸಿರಾಟ ಹೇಳಿಕೊಟ್ಟೆ, ರಾತ್ರಿ ಟಿವಿ ಬೇಡ ಅಂದೆ, ಸಂಜೆ ನಾಲ್ಕರ ಮೇಲೆ ಕಾಫಿ ಬೇಡ ಅಂದೆ. ಕೊಡಗಿನಲ್ಲಿ ಕೂತು ಕಾಫಿ ಬೇಡ ಅನ್ನುವುದು! ಅವರು ತಲೆ ಆಡಿಸಿ ಹೋದರು, ಮತ್ತೆ ಬಂದರು. ಮಾತೆಲ್ಲ ಕೆಳಗಿನವರ ಬಗ್ಗೆಯೇ. ಹಸಿ ಕಾಫಿ ಸೌದೆ ಉರಿಸುತ್ತಾರೆ, ಗೇಟ್ ದಡಾರ್ ಅಂತ ಹಾಕುತ್ತಾರೆ, ಮಳೆಗಾಲದಲ್ಲಿ ಶೀಟ್ ಕೆಳಗಿನ ಹಗ್ಗವೆಲ್ಲ ಅವರದ್ದೇ ಬಟ್ಟೆ, ನಳ್ಳಿ ನೀರು ಬಂದ ದಿನ ಡ್ರಮ್ಮಿನ ಮೇಲೆ ಡ್ರಮ್ ತುಂಬಿಸುತ್ತಾರೆ. ಬಾಡಿಗೆಯ ವಿಷಯ ನಡುವೆ ಒಂದು ಸಲ ಬಂತು, "ಪಾಪ, ಅವರಿಗೂ ಕಷ್ಟ ಅಲ್ವಾ" ಅಂದು ಅಲ್ಲಿಗೇ ಬಿಟ್ಟರು. ನಾನೂ ಬಿಟ್ಟೆ. ಒಳ್ಳೆಯ ಹೆಂಗಸು ಅಂತ ಮನಸ್ಸಿನಲ್ಲಿ ಮಾರ್ಕ್ಸ್ ಹಾಕಿದ್ದೆ ಬೇರೆ.

ಮೂರನೇ ಸಲ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದರು. ಹಾಲಿನ ಲೆಕ್ಕ ಬರೆಯುವ ಉದ್ದನೆಯ ಪುಸ್ತಕ, ರಟ್ಟಿನ ಮೂಲೆ ಮಳೆಗೆ ಉಬ್ಬಿತ್ತು. "ನೀವು ನಂಬಲ್ಲ ಅಂತ ತಂದೆ ಮೇಡಂ, ಅವರು ಹೇಗೆ ಬದುಕ್ತಿದ್ದಾರೆ ನೋಡಿ" ಅಂದರು. ಮಾಸ್ಕ್ ಮೇಲೆ ಕನ್ನಡಕ ಏರಿಸಿಕೊಂಡು ಓದಿದೆ. ಅಕ್ಷರ ಚೆಂದ, ಒಂದೊಂದು ದಿನಕ್ಕೆ ಒಂದೊಂದು ಸಾಲು. ನೆನಪಿರುವಷ್ಟು ಬರೆಯುತ್ತೇನೆ.

ಜುಲೈ 5, ಭಾನುವಾರ. ಕೋಳಿ. ಕವರ್ ದೊಡ್ಡದು.

ಜುಲೈ 18. ಮಗುವಿಗೆ ಹೊಸ ಕೊಡೆ.

ಜುಲೈ 26. ಫೋನಿಗೆ ಕರೆನ್ಸಿ ಹಾಕಿಸಿದ್ದಾರೆ, ಮಗು ಕ್ಲಾಸ್ ನೋಡ್ತಿದೆ.

ಆಗಸ್ಟ್ 3. ಮದ್ದು ಸೊಪ್ಪಿನ ಪಾಯಸ ಕೊಟ್ಟಳು. ಬೆಲ್ಲ ಜಾಸ್ತಿ. ಬೆಲ್ಲಕ್ಕೆ ದುಡ್ಡಿದೆ.

ಸೆಪ್ಟೆಂಬರ್ 3. ಹಂದಿ. ಎರಡು ಕೆಜಿ ಇರಬಹುದು.

ಹೀಗೆ ಹದಿನೈದಿಪ್ಪತ್ತು ಪುಟ. ಮಧ್ಯೆ ಒಂದು ಕಡೆ ಕೆಂಪು ಪೆನ್ನಿನಲ್ಲಿ "ಡ್ರೈವರ್‌ಗಳಿಗೆ ಸರ್ಕಾರದ 5,000 ಬಂದಿದೆ" ಅಂತ, ಕೆಳಗೆ ಎರಡು ಗೆರೆ.

ಕೊಡಗಿನ ಹೊರಗಿನವರಿಗೆ ಒಂದು ಮಾತು. ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಥರದ ಮದ್ದು ಸೇರಿರುತ್ತದೆ ಅಂತ ನಂಬಿಕೆ. ಸೊಪ್ಪು ಬೇಯಿಸಿದ ನೀರು ಕಡು ನೇರಳೆ ಬಣ್ಣ, ಅದರಲ್ಲೇ ಪಾಯಸ ಮಾಡುತ್ತಾರೆ. ಸೊಪ್ಪು ಬೇಲಿ ಬದಿಯಲ್ಲಿ ಸಿಗುತ್ತದೆ. ಅಕ್ಕಿ, ಬೆಲ್ಲ, ಒಂದಿಷ್ಟು ತೆಂಗಿನಕಾಯಿ ಇದ್ದರೆ ಆಯಿತು. ಬಡವರೂ ಪಕ್ಕದ ಮನೆಗೆ ಕೊಡಬಹುದಾದ ಸಿಹಿ ಅದು.

ನಾನು ಆ ಸಾಲನ್ನು ಗಟ್ಟಿಯಾಗಿ ಓದಿದೆ. ಬೇಕಂತಲೇ ಓದಿದೆ. "ಬೆಲ್ಲಕ್ಕೆ ದುಡ್ಡಿದೆ." ಅವರಿಗೆ ನಗು ಬಂತು. ಮಾಸ್ಕ್ ಒಳಗೇ ನಕ್ಕರು, ಸ್ವಲ್ಪ ಜಾಸ್ತಿಯೇ ಹೊತ್ತು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಆಮೇಲೆ ಅಂದರು, "ಇದನ್ನ ಬರ್ದು ಮುಚ್ಚಿಟ್ಟು, ಆ ಪಾಯಸ ಪೂರ್ತಿ ತಿಂದೆ ಮೇಡಂ. ಚೆನ್ನಾಗಿತ್ತು."

ಡಬ್ಬಿ ಎಲ್ಲಿ ಅಂತ ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ, ನಮ್ಮ ಮನೆಯಲ್ಲೂ ಅಕ್ಕಪಕ್ಕದವರ ಡಬ್ಬಿ ಎರಡು ಮೂರು ಯಾವಾಗಲೂ ಇರುತ್ತವೆ, ಅದಕ್ಕಿರಬೇಕು. ಅವರ ಮುಖ ಸಣ್ಣದಾಯಿತು. "ನನ್ನ ಹತ್ರನೇ ಇದೆ. ಖಾಲಿ ಡಬ್ಬಿ ಕೊಡಬಾರದಲ್ವಾ. ತುಂಬಿಸಿ ಕೊಡೋಕೆ ಮನಸ್ಸು ಬರಲಿಲ್ಲ." ಆಗ ಎರಡು ತಿಂಗಳು ಆಗುತ್ತಾ ಬಂದಿತ್ತು. ಆ ಸ್ಟೀಲ್ ಡಬ್ಬಿ ಅಡುಗೆಮನೆಯ ಕಿಟಕಿಯಲ್ಲಿ, ಹೊಗೆ ಬರುವ ಅದೇ ಕಿಟಕಿಯಲ್ಲಿ, ಕೂತಿತ್ತಂತೆ.

ನೋಟ್‌ಬುಕ್ ಹಿಂದೆ ಮುಂದೆ ತಿರುವಿ ಹಾಕಿದೆ. ಕೋಳಿ ಇತ್ತು, ಕೊಡೆ ಇತ್ತು, ಬಾಡಿಗೆ ಎಲ್ಲೂ ಇರಲಿಲ್ಲ. ಒಂದು ಪುಟದಲ್ಲೂ ಇರಲಿಲ್ಲ. "ಒಟ್ಟು ಎಷ್ಟು ಬರಬೇಕು ಆಂಟಿ?" ಅಂತ ಕೇಳಿದೆ. ನಾನೂ ಅವರನ್ನು ಆಂಟಿ ಅನ್ನಲು ಶುರುಮಾಡಿದ್ದು ಅವತ್ತೇ. ಅವರು ಸುಮ್ಮನಿದ್ದರು. ಅಂದಾಜು ಹೇಳಿ ಅಂದೆ. ಅದಕ್ಕೆ ಅವರು ಹೇಳಿದ ಮಾತು ನನ್ನ ಈ ಕೆಲಸದಲ್ಲಿ ಮರೆಯದೆ ಉಳಿದಿರುವ ನಾಲ್ಕೈದು ಮಾತುಗಳಲ್ಲಿ ಒಂದು.

"ಲೆಕ್ಕ ಹಾಕಿದ್ರೆ ಕೇಳ್ಬೇಕಾಗುತ್ತಲ್ಲ ಮೇಡಂ."

ಅಲ್ಲೇ ಇಬ್ಬರೂ ಲೆಕ್ಕ ಹಾಕಿದೆವು. ಏಪ್ರಿಲ್‌ನಿಂದ ಸೆಪ್ಟೆಂಬರ್, ಆರು ತಿಂಗಳು, 39,000. ಅದೇ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಅವರ ಕೈಯಲ್ಲೇ ಬರೆಸಿದೆ. ಬರೆದು ಅವರು ಹೇಳಿದ್ದು, "ಇಷ್ಟೇನಾ? ನಾನು ಲಕ್ಷ ಆಗಿದೆ ಅನ್ನೋ ಥರ ಇದ್ದೆ."

ಇನ್ನು ನಾನು ಕೊಟ್ಟ ಸಲಹೆ. ಇದಕ್ಕೆ ನನಗೆ ಬೈಗುಳವೂ ಸಿಕ್ಕಿದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟು ಬಿಡಬಲ್ಲಿರಿ ಅಂತ ಮೊದಲು ನೀವೊಬ್ಬರೇ ಕೂತು ತೀರ್ಮಾನಿಸಿ, ಮಗನನ್ನೂ ಕೇಳಿ. ಬಿಡುವುದನ್ನು ಬಾಯಿಬಿಟ್ಟು ಹೇಳಿ ಬಿಡಿ. ಉಳಿದದ್ದನ್ನು ಬಾಯಿಬಿಟ್ಟು ಕೇಳಿ. ಮಗುವಿನ ಎದುರು ಬೇಡ, ಮೆಟ್ಟಿಲಲ್ಲಿ ನಿಂತು ಕೆಳಗೆ ನೋಡಿಕೊಂಡು ಬೇಡ, ಕರೆದು ಕೂರಿಸಿ ಮಾತಾಡಿ. ಡಬ್ಬಿ ತುಂಬಿಸಿ ಕೊಡಿ, ಆದರೆ ಬಾಡಿಗೆ ಕೇಳುವ ದಿನ ಬೇಡ, ಅದರ ಹಿಂದಿನ ದಿನ.

ನನ್ನ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಇದನ್ನು ಕೇಳಿ, "ನೀನು ಆಪ್ತಸಲಹೆಗಾರ್ತಿನಾ, ಬಾಡಿಗೆ ವಸೂಲಿಯವಳಾ?" ಅಂದಳು. ಕೊರೊನಾ ಸಮಯದಲ್ಲಿ ಜೀಪ್ ಡ್ರೈವರ್ ಹತ್ತಿರ ಬಾಡಿಗೆ ಕೇಳು ಅಂತ ಹೇಳುವುದು ಮನುಷ್ಯತ್ವ ಅಲ್ಲ ಅಂತ ಅವಳ ವಾದ. ಅವಳು ಹೇಳಿದ್ದರಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಆಂಟಿ ಬಾಡಿಗೆ ಬಿಟ್ಟಿರಲಿಲ್ಲ, ಅದನ್ನು ಅವಳು ನೋಡಲಿಲ್ಲ. ದಿನಾ ಕಿಟಕಿಯಲ್ಲಿ ನಿಂತು ಕೋಳಿಯ ಕವರಿನಲ್ಲಿ, ಮಗುವಿನ ಕೊಡೆಯಲ್ಲಿ ವಸೂಲಿ ಮಾಡಿಕೊಳ್ಳುತ್ತಿದ್ದರು. ಕೆಳಗಿನವರಿಗೂ ಅದು ಗೊತ್ತಾಗುತ್ತಿತ್ತು. ಬಾಯಿಯಲ್ಲಿ "ಪಾಪ", ಕಣ್ಣಲ್ಲಿ ಲೆಕ್ಕ. ಅದಕ್ಕಿಂತ "ನನಗೆ ಇಷ್ಟು ಬೇಕು" ಅಂತ ಹೇಳುವುದು ಸಾವಿರ ಪಾಲು ಮೇಲು ಅಂತ ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಬ್ಯಾಂಕಿಗೆ ಹೋಗಿ ಅಂತಲೂ ಹೇಳಿದೆ. 2020ರ ಆಗಸ್ಟ್ 6ಕ್ಕೆ ರಿಸರ್ವ್ ಬ್ಯಾಂಕ್, ಕೋವಿಡ್‌ನಿಂದ ತೊಂದರೆಯಾದವರ ಮನೆ ಸಾಲವನ್ನೂ ಸೇರಿಸಿ ಸಾಲದ ಅವಧಿ, ಕಂತು ಬದಲಿಸಿಕೊಳ್ಳಲು ದಾರಿ ಮಾಡಿತ್ತು, ಆ ವರ್ಷದ ಡಿಸೆಂಬರ್ 31ರೊಳಗೆ ಕೇಳಿಕೊಳ್ಳಬೇಕಿತ್ತು. ನಮ್ಮೂರಲ್ಲಿ ಆ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ಅದೇ ದಿನ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದಿತ್ತು, ಬ್ಯಾಂಕಿನ ಸುದ್ದಿ ಯಾರಿಗೆ ಬೇಕಿತ್ತು. ಆಂಟಿ ಹೋಗಿ ಅರ್ಜಿ ಬರೆದುಕೊಟ್ಟರು, ಕಂತು ಸ್ವಲ್ಪ ಕಡಿಮೆ ಆಯಿತು, ವರ್ಷ ಜಾಸ್ತಿ ಆಯಿತು. ಪುಕ್ಕಟೆ ಏನೂ ಅಲ್ಲ. ಈ ಅವಕಾಶ ಈಗಿಲ್ಲ, ಆದರೆ ಕಂತು ತಪ್ಪುವ ಮೊದಲೇ ಬ್ಯಾಂಕಿನವರ ಎದುರು ಹೋಗಿ ಕೂತವರಿಗೂ ತಪ್ಪಿದ ಮೇಲೆ ಓಡಿದವರಿಗೂ ಸಿಗುವ ಮರ್ಯಾದೆಯೇ ಬೇರೆ, ಅದು ಇವತ್ತಿಗೂ ಹಾಗೇ.

ಮಗ ಫೋನಿನಲ್ಲಿ ಬೇರೆ ಐಡಿಯಾ ಕೊಟ್ಟಿದ್ದ. "ಫ್ಯೂಸ್ ಕಿತ್ತಿಡು, ನೀರು ಬಂದ್ ಮಾಡು, ತಾವಾಗೇ ಹೋಗ್ತಾರೆ." ಇದನ್ನು ಎಷ್ಟು ಜನ ಓನರ್‌ಗಳು ಮಾಡುತ್ತಾರೆ ಅಂತ ಕೇಳಬೇಡಿ. ಖಡಾಖಂಡಿತ ಬೇಡ ಅಂದೆ. ತಪ್ಪು ಅನ್ನುವುದು ಒಂದು, ಕಾನೂನಿನಲ್ಲೂ ನೀವೇ ಸಿಕ್ಕಿಹಾಕಿಕೊಳ್ಳುತ್ತೀರಿ. ಮಾತಿಗೆ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಹೆಂಗಸರಿಗೆ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿ ಇಲ್ಲ. ಅಲ್ಲಿಯವರೆಗೆ ಹೋಗುವ ಅಗತ್ಯ ಬೀಳಲಿಲ್ಲ.

ಅಕ್ಟೋಬರ್ ಮೊದಲ ವಾರ ಮೂವರೂ ನನ್ನ ರೂಮಿಗೇ ಬಂದರು. ಇದು ಸಾಮಾನ್ಯವಾಗಿ ನಾನು ಮಾಡುವುದಿಲ್ಲ. ಒಬ್ಬರ ಕಡೆಯವಳು ನಾನು, ಇನ್ನೊಬ್ಬರಿಗೆ ಅದು ನ್ಯಾಯ ಆಗುವುದಿಲ್ಲ. ಆದರೆ ಕೆಳಗಿನ ಹೆಂಡತಿಯೇ "ಮೇಡಂ ಎದುರೇ ಆಗಲಿ ಆಂಟಿ" ಅಂದಳಂತೆ. ಡಬ್ಬಿಯಲ್ಲಿ ಹಿಂದಿನ ದಿನ ಆಂಟಿ ಕಾಯಿ ಬರ್ಫಿ ಹಾಕಿ ಕೊಟ್ಟಿದ್ದರು, ಬಹುಶಃ ಅದರ ಧೈರ್ಯ.

ಅವತ್ತು ಗೊತ್ತಾದದ್ದು ಇಷ್ಟು. ಹಂದಿ ಕೊಂಡು ತಂದದ್ದಲ್ಲ. ಕೈಲ್‌ಪೊಳ್ದ್, ಅಂದರೆ ಸೆಪ್ಟೆಂಬರ್ 3ರ ಕೊಡವರ ಆಯುಧಪೂಜೆ ಹಬ್ಬಕ್ಕೆ ಪರಿಚಯದ ಮನೆಯೊಂದರಲ್ಲಿ ಹಂದಿ ಕುಯ್ಯಲು, ಪಾಲು ಮಾಡಲು ಹೋಗಿದ್ದ, ಕೂಲಿಯ ಬದಲು ಮಾಂಸ ಕೊಟ್ಟಿದ್ದರು. ಕೊಡೆ ಅವಳ ಅಣ್ಣ ಕೊಡಿಸಿದ್ದು. ಸರ್ಕಾರದ 5,000 ಆಟೋ, ಟ್ಯಾಕ್ಸಿ ಡ್ರೈವರ್‌ಗಳಿಗೆ ಘೋಷಣೆ ಆದದ್ದು ನಿಜ, ಇವನಿಗೆ ಬಂದಿಲ್ಲ, ಜೀಪು ವೈಟ್ ಬೋರ್ಡಿನದ್ದು, ಅಂದರೆ ಟ್ಯಾಕ್ಸಿ ಅಂತ ನೋಂದಣಿ ಆಗಿರಲಿಲ್ಲ. ಆಂಟಿ ತಲೆ ತಗ್ಗಿಸಿದರು. ಇಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯ ಕಥೆ ಆಗುತ್ತಿತ್ತು, ಅನುಮಾನಪಟ್ಟ ಓನರ್, ನಿರಪರಾಧಿ ಬಾಡಿಗೆದಾರ. ಆದರೆ ನಾನು ಇನ್ನೊಂದು ಕೇಳಿದೆ, ಈ ಆರು ತಿಂಗಳಲ್ಲಿ ಕೈಗೆ ದುಡ್ಡು ಬಂದೇ ಇಲ್ವಾ?

ಬಂದಿತ್ತು. ತೋಟದ ಕೆಲಸಕ್ಕೆ ಹೋಗಿದ್ದ, ತರಕಾರಿ ಸಾಗಿಸಿದ್ದ. ಅದರಲ್ಲಿ ಜೀಪಿನ ಕಂತು ಕಟ್ಟಿದ್ದ. ಸೆಕೆಂಡ್ ಹ್ಯಾಂಡ್ ಜೀಪ್ ತೆಗೆದದ್ದು ಕೈಸಾಲದಲ್ಲಿ, ಕೈಸಾಲಕ್ಕೆ ಯಾವ ರಿಸರ್ವ್ ಬ್ಯಾಂಕು. ಸಾಲ ಕೊಟ್ಟವನು ಬೆಳಿಗ್ಗೆ ಏಳಕ್ಕೆ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದನಂತೆ. ಯಾಕೆ ಅವನಿಗೆ ಕೊಟ್ಟು ಆಂಟಿಗೆ ಕೊಡಲಿಲ್ಲ ಅಂದಾಗ ಅವನು ಸ್ವಲ್ಪವೂ ಮುಚ್ಚಿಡದೆ ಹೇಳಿದ:

"ಅವರು ಜೀಪ್ ಎತ್ಕೊಂಡು ಹೋಗ್ತಾರೆ ಮೇಡಂ. ಆಂಟಿ ಏನೂ ಮಾಡಲ್ಲ ಅಂತ ಗೊತ್ತಿತ್ತು."

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಅವನ ಹೆಂಡತಿ ಅವನ ಮೊಣಕೈ ಹಿಡಿದು ಎಳೆದಳು. ಅವನು ಕೆಟ್ಟವನಲ್ಲ. ಗದರಿಸುವವನಿಗೆ ಮೊದಲು, ಪಾಪ ಅನ್ನುವವರಿಗೆ ಕೊನೆಗೆ, ದುಡ್ಡು ಕಡಿಮೆ ಇದ್ದಾಗ ಎಲ್ಲ ಮನೆಯಲ್ಲೂ ಹೀಗೇ ಹಂಚಿಕೆ ಆಗುತ್ತದೆ. ನಾನೂ ನನ್ನ ಕಾರಿನ ಕಂತು ತಪ್ಪಿಸಿಲ್ಲ, ತಂಗಿಯ ಹತ್ತಿರ ತಗೊಂಡದ್ದು ಎರಡು ವರ್ಷ ಕೊಟ್ಟಿರಲಿಲ್ಲ. ನೀವು ಮನೆ ಬಾಡಿಗೆಗೆ ಕೊಟ್ಟು ಬಾಕಿ ಕೇಳಲು ಸಂಕೋಚ ಪಡುವವರಾದರೆ ಈ ಮಾತನ್ನು ಇನ್ನೊಂದು ಸಲ ಓದಿ. ನಿಮ್ಮ ಮೌನವನ್ನು ಕೆಳಗಿನವರು ದಯೆ ಅಂತ ಓದಿಕೊಳ್ಳುತ್ತಿಲ್ಲ, ಇನ್ನೂ ಟೈಮಿದೆ ಅಂತ ಓದಿಕೊಳ್ಳುತ್ತಿದ್ದಾರೆ. ಬಾಡಿಗೆಗೆ ಇರುವವರಿಗೂ ಒಂದು ಮಾತಿದೆ. ಕೊಡಲು ಆಗದ ತಿಂಗಳು ಮೆಟ್ಟಿಲು ಹತ್ತಿ "ಈ ತಿಂಗಳು ಆಗಲ್ಲ" ಅಂತ ನೀವೇ ಮೊದಲು ಹೇಳಿ, ನಿಮ್ಮ ಕೋಳಿಯ ಕವರು ಯಾರ ಪುಸ್ತಕಕ್ಕೂ ಹೋಗುವುದಿಲ್ಲ.

ಆಂಟಿ ಸ್ವಲ್ಪ ಹೊತ್ತಿನ ಮೇಲೆ ನೋಟ್‌ಬುಕ್ ತೆಗೆದರು. ಆ ಹಳೆಯ ಪುಟಗಳನ್ನು ಮೊದಲೇ ಹರಿದು ಹಂಡೆ ಒಲೆಗೆ ಹಾಕಿದ್ದರಂತೆ. ಏಪ್ರಿಲ್, ಮೇ ಬಿಟ್ಟೆ ಅಂದರು, 13,000. ಉಳಿದ 26,000 ಬೇಕು ಅಂದರು. ಗಂಟಲು ನಡುಗುತ್ತಿತ್ತು, ಆದರೂ ಅಂಕಿ ಸರಿಯಾಗಿ ಹೇಳಿದರು. ಅಕ್ಟೋಬರ್‌ನಿಂದ ಬಾಡಿಗೆ 5,000, ಬಾಕಿಗೆ ತಿಂಗಳಿಗೆ 1,000 ಅಂತ ಆಯಿತು. ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂತ ಅವನು ಹೇಳಿದ, ಈಗಲೇ ಬೇಡ ಅಂತ ನಾನು ಅಡ್ಡ ಬಂದೆ. ಅದು ಮುಗಿದರೆ ಆಂಟಿ ಮತ್ತೆ ಕಿಟಕಿಗೆ ಹೋಗುತ್ತಾರೆ ಅಂತ ನನಗೆ ಹೆದರಿಕೆ. ಇಬ್ಬರೂ ಸಹಿ ಹಾಕಿದರು.

ಎಲ್ಲ ಸರಿಹೋಯಿತಾ ಅಂದರೆ ಇಲ್ಲ. ಬಾಕಿಯ ಕಂತು ಎರಡೇ ತಿಂಗಳು ಬಂತು. ಜನವರಿ ಕೊನೆಗೆ ಅವರು ಖಾಲಿ ಮಾಡಿ ಕುಶಾಲನಗರದ ಕಡೆ ಹೋದರು, ಅಲ್ಲಿ ಬಾಡಿಗೆ ಕಡಿಮೆ, ಅವಳಿಗೆ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಅಡ್ವಾನ್ಸ್ ಮುರಿದುಕೊಂಡ ಮೇಲೆ 9,000 ಉಳಿಯಿತು. ಕೆಳಗಿನ ಮನೆ ಜೂನ್‌ವರೆಗೆ ಖಾಲಿ ಬಿದ್ದಿತ್ತು. ಆಂಟಿ ನನ್ನ ಮೇಲೆ ಸಿಟ್ಟಾಗಿದ್ದರು, "ಕೇಳದೇ ಇದ್ದಿದ್ರೆ ಇರ್ತಿದ್ರೇನೋ" ಅಂತ. ಇರಬಹುದು. ಆ ಮಾತು ನನ್ನನ್ನು ಸುಮಾರು ದಿನ ಕಾಡಿತು, ಮಗು ಶಾಲೆ ಬದಲಿಸಬೇಕಾಯಿತು ಅನ್ನುವುದು ಇನ್ನೂ ಕಾಡುತ್ತದೆ. ಆದರೂ ಮುಂದಿನ ಸಲ ಬಂದವರಿಗೆ ನಾನು ಹೇಳಿದ್ದು ಅದನ್ನೇ, ಕಳೆದ ತಿಂಗಳು ಬಂದ ಇಬ್ಬರಿಗೂ ಅದನ್ನೇ.

ನಿದ್ದೆ ಬರುತ್ತಿದೆಯಾ ಅಂತ ಆಮೇಲೆ ಒಂದು ಸಲ ಮಾರ್ಕೆಟ್‌ನಲ್ಲಿ ಸಿಕ್ಕಾಗ ಆಂಟಿಯನ್ನು ಕೇಳಿದೆ. ಬರುತ್ತದೆ, ನಾಲ್ಕರ ಮೇಲೂ ಕಾಫಿ ಕುಡೀತೀನಿ ಅಂದರು. ಕೈಲ್‌ಪೊಳ್ದ್ ಮರುದಿನ ಅವನು ಫೋನ್‌ಪೇ ಮಾಡಿದ್ದಾನೆ, ಸಾವಿರ ರೂಪಾಯಿ, ಇನ್ನು ನಾಲ್ಕು ಸಾವಿರ ಬಾಕಿ. ಇದನ್ನು ನಾನು ಕೇಳಿರಲಿಲ್ಲ, ಅವರೇ ಹೇಳಿದರು.